ಸಹಿ ಇಲ್ಲದ ಮೇಲ್ ಬಂದ್ರೆ ಫೋನ್ ಮಾಡಿ

ನಮ್ಮದು ಚಿಕ್ಕ ಪ್ರಿಂಟಿಂಗ್ ಪ್ರೆಸ್. ಎರಡು ವರ್ಷದ ಹಿಂದೆ ಹಳೇ ಗ್ರಾಹಕರೊಬ್ಬರು ಫೋನ್ ಮಾಡಿ, "ಅಕೌಂಟ್ ಬದಲಾಯ್ಸಿದ್ದೀರಂತೆ, ಹೊಸದಕ್ಕೇ ದುಡ್ಡು ಹಾಕ್ಲಾ ಸಾರ್?" ಅಂದರು. ನಾನೆಲ್ಲಿ ಬದಲಾಯಿಸಿದ್ದೆ! ಆ ಮೇಲ್ ತರಿಸಿ ನೋಡಿದರೆ ನನ್ನದೇ ಹೆಸರು, ನನ್ನದೇ ವಿಳಾಸ, ಅಕೌಂಟ್ ನಂಬರ್ ಮಾತ್ರ ಯಾರದ್ದೋ.

ಪಾಸ್‌ವರ್ಡ್ ಹೋಯಿತು ಅಂತ ಹೆದರಿದೆ. ಆದರೆ ಅದಕ್ಕೆ ಪಾಸ್‌ವರ್ಡೇ ಬೇಕಿಲ್ಲ. ಲಕೋಟೆ ಮೇಲೆ 'ಇಂದ' ಅಂತ ಯಾರ ಹೆಸರು ಬೇಕಾದರೂ ಬರೆಯಬಹುದಲ್ವಾ, ಮೇಲ್‌ನ 'ಫ್ರಮ್' ಕೂಡ ಹಾಗೇ. ಇಂಥದ್ದನ್ನು ಹಿಡಿಯೋಕೆ ಎಸ್‌ಪಿಎಫ್, ಡಿಕಿಮ್ ಅಂತ ಇವೆ, ಮೇಲ್ ನಿಜವಾಗಿ ಆ ವಿಳಾಸದವರ ಕಡೆಯಿಂದಲೇ ಬಂತಾ ಅಂತ ಪಡೆಯುವ ಸರ್ವರ್ ನೋಡಿಕೊಳ್ಳೋ ವ್ಯವಸ್ಥೆಗಳು. ನನ್ನ ಡೊಮೈನ್‌ಗೆ, ಅಂದರೆ ಮೇಲ್ ವಿಳಾಸದಲ್ಲಿ @ ಆದಮೇಲೆ ಬರೋ ಹೆಸರಿಗೆ, ನಾನು ಅವನ್ನು ಹಾಕಿರಲೇ ಇಲ್ಲ. ಅದನ್ನು ಸರಿಮಾಡಿದ ಮೇಲೆ ಮೇಲ್‌ಗೆ ಡಿಜಿಟಲ್ ಸಹಿ ಹಾಕೋದನ್ನೂ ಕಲಿತೆ, ಅಂದರೆ ಕಳಿಸಿದ್ದು ನಾನೇ, ನಡುವೆ ಯಾರೂ ತಿದ್ದಿಲ್ಲ ಅಂತ ತೋರಿಸೋ ಗುರುತು.

ನಾನು ಮೇಲ್ ನೋಡೋದು ಥಂಡರ್‌ಬರ್ಡ್ ಅನ್ನೋ ಸಾಫ್ಟ್‌ವೇರ್‌ನಲ್ಲಿ. ಅದರಲ್ಲಿ 2020ರ 78ನೇ ಆವೃತ್ತಿಯಿಂದ ಈ ಸಹಿ ಹಾಕೋ ಓಪನ್‌ಪಿಜಿಪಿ ವ್ಯವಸ್ಥೆ ಒಳಗೇ ಇದೆ, ಮೊದಲಿನ ಹಾಗೆ ಎನಿಗ್‌ಮೇಲ್ ಅನ್ನೋ ಆಡ್-ಆನ್ ಬೇರೆ ಹಾಕಬೇಕಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಕೀ ಮಾಡಿಕೊಂಡೆ, ಐದು ನಿಮಿಷದ ಕೆಲಸ. ಸಹಿ ಹಾಕೋ ಗುಟ್ಟಿನ ಕೀ ನನ್ನ ಹತ್ತಿರ, ಆ ಸಹಿ ತಾಳೆ ನೋಡೋ ಸಾರ್ವಜನಿಕ ಕೀ ಗ್ರಾಹಕರಿಗೆ. ಆದರೆ ಆ ಕೀ ನನ್ನದೇ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಫೋನ್‌ನಲ್ಲಿ ಆ ಕೀ ಗುರುತಿಸೋ ಸಂಕೇತದ, ಅಂದರೆ ಫಿಂಗರ್‌ಪ್ರಿಂಟ್‌ನ, 40 ಅಕ್ಷರ ನಾಲ್ಕು ನಾಲ್ಕಾಗಿ ಓದಿದೆ, "ಡಿ ಅಂದ್ರೆ ದಾವಣಗೆರೆ, ಬಿ ಅಂದ್ರೆ ಬಳ್ಳಾರಿ" ಅನ್ನುತ್ತಾ, ಅವರು ತಮ್ಮ ಸ್ಕ್ರೀನ್ ನೋಡಿ "ಹ್ಞೂಂ, ಮುಂದೆ" ಅನ್ನುತ್ತಾ.

ತಲೆನೋವೂ ಇತ್ತು. ಬ್ರೌಸರ್‌ನಲ್ಲಿ ಮೇಲ್ ನೋಡುವವರಿಗೆ ಈ ಸಹಿ ಸುಮ್ನೆ ಒಂದು ಅಟ್ಯಾಚ್‌ಮೆಂಟ್, ಇಬ್ಬರು ವೈರಸ್ ಅಂದುಕೊಂಡರು. ಇನ್ನೊಂದು ಕಂಪನಿಯ ಸರ್ವರ್ ಬಂದ ಮೇಲ್‌ಗೆಲ್ಲ ಮೇಲುಗಡೆ 'ಹೊರಗಿನಿಂದ ಬಂದದ್ದು, ಎಚ್ಚರ' ಅಂತ ಸಾಲು ಸೇರಿಸುತ್ತಿತ್ತು, ಅಷ್ಟಕ್ಕೇ ಸಹಿ ತಾಳೆಯಾಗದೆ ಅವರು ಗಾಬರಿಯಾದರು. ನನಗೆ ಮಾತ್ರ ಖುಷಿಯಾಯಿತು, ಒಂದು ಸಾಲು ಸೇರಿಸಿದರೂ ಸಿಕ್ಕಿಬೀಳುತ್ತೆ ಅಂತಾಯಿತಲ್ಲ. ಹಾಗಂತ ಸಹಿ ಹಾಕಿದ ಮಾತ್ರಕ್ಕೆ ಮೇಲ್ ಗುಟ್ಟಾಗಿರಲ್ಲ, ಕೈಗೆ ಸಿಕ್ಕವರು ಯಾರು ಬೇಕಾದರೂ ಓದಬಹುದು. ವಿಷಯದ ಸಾಲನ್ನೂ ಸಾಮಾನ್ಯವಾಗಿ ಆ ಸಹಿ ಕಾಯಲ್ಲ, ಅದಕ್ಕೇ ಅಲ್ಲಿ ನಾನು ಮೊತ್ತ ಬರೆಯಲ್ಲ.

ನಿಜವಾಗಿ ಸಹಿ ನೋಡುವ ಗ್ರಾಹಕರು ನಾಲ್ಕೇ ಜನ. ಜಾಸ್ತಿ ಹಣದ ವ್ಯವಹಾರ ಇರೋದೂ ಅವರದ್ದೇ. ಹೋದ ತಿಂಗಳು ಬಸ್ಸಿನಲ್ಲಿ ಕೂತು ಮೊಬೈಲ್‌ನಿಂದ ಸಹಿ ಇಲ್ಲದೆ ಒಂದು ಬಿಲ್ ಕಳಿಸಿದೆ. ಹತ್ತು ನಿಮಿಷದಲ್ಲಿ ಫೋನ್: "ಸಾರ್, ಇದು ನೀವೇನಾ?"