ಕಾಡಿಗೆ ಹೊರಡುವ ಮುನ್ನ ಮಳೆ ನಕ್ಷತ್ರ ನೋಡಿ

ಕಬಿನಿಗೆ ಹೋಗಿ ಬಂದವರಲ್ಲಿ ಎರಡು ಬಗೆ. ಒಂದು ಮನೆಯವರು ಹಿನ್ನೀರಿನ ದಡದಲ್ಲಿ ಐವತ್ತು ಆನೆ ಒಟ್ಟಿಗೆ ನೋಡಿದೆವು ಎನ್ನುತ್ತಾರೆ. ಅದೇ ರೆಸಾರ್ಟಿನಲ್ಲಿ ಉಳಿದು, ಅದೇ ಜೀಪು ಹತ್ತಿ, ಅಷ್ಟೇ ದುಡ್ಡು ಕೊಟ್ಟ ಇನ್ನೊಂದು ಮನೆಯವರು ನಾಲ್ಕು ಜಿಂಕೆ, ಒಂದು ನವಿಲು ಕಂಡು ಸಪ್ಪೆ ಮುಖ ಹಾಕಿಕೊಂಡು ಬಂದಿರುತ್ತಾರೆ. ಅದೃಷ್ಟದ ಪಾಲು ಇದರಲ್ಲಿ ಇದ್ದೇ ಇದೆ. ಆದರೆ ದೊಡ್ಡ ಪಾಲು ಕ್ಯಾಲೆಂಡರಿನದು. ಮೊದಲಿನವರು ಏಪ್ರಿಲ್‌ನಲ್ಲಿ ಹೋಗಿದ್ದರು, ಎರಡನೆಯವರು ದಸರಾ ರಜೆಯಲ್ಲಿ.

ಹಾಗಾಗಿ ಮೊದಲು ತಾರೀಖು ಗೊತ್ತು ಮಾಡಿ, ರೆಸಾರ್ಟು ಆಮೇಲೆ.

ನೀರಿನ ಲೆಕ್ಕ

ಬೀಚನಹಳ್ಳಿಯ ಬಳಿ ಕಬಿನಿಗೆ ಅಣೆಕಟ್ಟು ಕಟ್ಟಿ ಮುಗಿದದ್ದು 1974ರಲ್ಲಿ. ಅದರ ಹಿನ್ನೀರಿನ ಒಂದು ದಡಕ್ಕೆ ನಾಗರಹೊಳೆ, ಇನ್ನೊಂದು ದಡಕ್ಕೆ ಬಂಡೀಪುರದ ಕಾಡು. ಜಲಾಶಯದ ಪೂರ್ಣಮಟ್ಟ 2,284 ಅಡಿ. ಮಳೆಗಾಲದಲ್ಲಿ ಅಷ್ಟು ತುಂಬಿದಾಗ ನೀರು ಮರಗಳ ಬುಡದವರೆಗೂ ಬಂದು ನಿಲ್ಲುತ್ತದೆ. ಆನೆ ಬಂದರೂ ನಿಲ್ಲಲು ಬಯಲಿಲ್ಲ. ಫೆಬ್ರುವರಿಯಿಂದ ನೀರು ಇಳಿಯುತ್ತ ಹೋದಂತೆ ದಡ ತೆರೆದುಕೊಂಡು, ಆ ಹಸಿ ಮಣ್ಣಿನಲ್ಲಿ ಹುಲ್ಲು ಚಿಗುರುತ್ತದೆ. ಕಾಡಿನೊಳಗಿನ ಕೆರೆಕಟ್ಟೆ ಬತ್ತಿ, ಎಲೆ ಉದುರಿ, ಹುಲ್ಲು ಒಣಗಿರುವ ಹೊತ್ತಿಗೆ ಸರಿಯಾಗಿ ಇಲ್ಲಿ ಹಸಿರೂ ಇದೆ, ನೀರೂ ಇದೆ. ಎರಡೂ ಕಾಡಿನ ಆನೆ ಹಿಂಡುಗಳು ಇಳಿದು ಬರುವುದು ಅದಕ್ಕೇ.

ಈ ಏರ್ಪಾಟನ್ನು ಕೆಡಿಸಲು ಎರಡು ದೊಡ್ಡ ಮಳೆ ಸಾಕು. ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಅಶ್ವಿನಿ ಮಳೆ ಹುಟ್ಟುವುದು ಏಪ್ರಿಲ್ ಎರಡನೇ ವಾರದ ಕೊನೆಗೆ, ಭರಣಿ ತಿಂಗಳ ಕೊನೆಯ ವಾರದಲ್ಲಿ. ಭರಣಿ ಮಳೆ ಬಂದರೆ ಧರಣಿ ತುಂಬ ಬೆಳೆ ಎನ್ನುವುದು ರೈತರ ಮಾತು; ಸಫಾರಿಗೆ ಹೋದವರಿಗೆ ಅದೇ ಮಳೆ ನಷ್ಟ. ಕಾಡಿನ ಪ್ರತಿ ತಗ್ಗಿನಲ್ಲೂ ನೀರು ನಿಂತು, ವಾರದಲ್ಲಿ ಎಲ್ಲೆಡೆ ಹುಲ್ಲು ಎದ್ದ ಮೇಲೆ ಆನೆ ಹಿನ್ನೀರಿಗೇ ಬರಬೇಕೆಂದು ಯಾವ ಹರಕೆಯೂ ಇಲ್ಲ. ಮೇ ತಿಂಗಳಲ್ಲೂ ಆನೆ ಕಾಣುತ್ತವೆ, ಆದರೆ ಮಳೆಯ ಮರ್ಜಿ ನೋಡಿಕೊಂಡು.

ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಬೇಸಿಗೆ ರಜೆ ಸಿಗುವುದು ಏಪ್ರಿಲ್ 10ರ ಆಸುಪಾಸು. ಅಂದರೆ ಶಾಲೆಯ ಮಕ್ಕಳಿರುವ ಮನೆಗೆ ಸಿಗುವ ಒಳ್ಳೆಯ ಅವಕಾಶ ರಜೆ ಶುರುವಾದ ಮೊದಲ ಹತ್ತು–ಹನ್ನೆರಡು ದಿನ. ಅಜ್ಜಿ ಮನೆಗೆ ಮೇ ತಿಂಗಳಲ್ಲಿ ಹೋಗಿ. ಜೂನ್‌ನಲ್ಲಿ ಮೃಗಶಿರಾ, ಆರಿದ್ರಾ ಮಳೆ ಹಿಡಿದ ಮೇಲೆ ಕಾಡಿನ ಮಣ್ಣು ರಸ್ತೆ ಕೆಸರಾಗಿ, ಯಾವ ದಿನ ಬೇಕಾದರೂ ಸಫಾರಿ ನಿಲ್ಲಿಸಬಹುದು.

ದಸರಾ ರಜೆ ಬಿಟ್ಟರೆ ಬೇರೆ ದಾರಿಯೇ ಇಲ್ಲವೆ? ಹಾಗಿದ್ದರೆ ಕಬಿನಿಯ ಆಸೆ ಬಿಡಿ. ಕಾಡು ಆಗ ಕಣ್ಣಿಗೆ ಹಬ್ಬ, ಆದರೆ ಲಂಟಾನ ಮತ್ತು ಆಳೆತ್ತರದ ಹುಲ್ಲಿನ ಹಿಂದೆ ಹುಲಿ ಹತ್ತು ಅಡಿ ದೂರದಲ್ಲಿದ್ದರೂ ಕಾಣದು. ಅದರ ಬದಲು ಹಂಪಿಗೆ ಹೋಗಿ, ಪಕ್ಕದ ದರೋಜಿ ಕರಡಿಧಾಮಕ್ಕೆ ಒಂದು ಮಧ್ಯಾಹ್ನ ಇಟ್ಟುಕೊಳ್ಳಿ. ಅದು ಮಳೆ ಕಡಿಮೆಯ ಸೀಮೆ, ಕಾಡೂ ಕುರುಚಲು. ಬಂಡೆಗಳಿಗೆ ಸಿಬ್ಬಂದಿ ಬೆಲ್ಲ ಬೆರೆಸಿದ ತಿನಿಸು ಬಳಿದಿರುತ್ತಾರೆ. ಇಳಿಹೊತ್ತಿಗೆ ಕರಡಿಗಳು ನೆಕ್ಕಲು ಬರುತ್ತವೆ. ವೀಕ್ಷಣಾ ಗೋಪುರದಲ್ಲಿ ಕೂತು ನೋಡುವುದರಿಂದ ಮಂಡಿನೋವಿನವರಿಗೂ ಜೀಪಿನ ಕುಲುಕಾಟವಿಲ್ಲ.

ಎಷ್ಟು ದಿನ, ಎಷ್ಟು ಸಫಾರಿ

ಎರಡು ರಾತ್ರಿ, ಒಂದೇ ಕಾಡು. ಬಂಡೀಪುರ ಒಂದು ದಿನ, ಕಬಿನಿ ಒಂದು ದಿನ, ದಾರಿಯಲ್ಲಿ ಬಿಳಿಗಿರಿರಂಗನ ಬೆಟ್ಟ ಎಂದು ಪಟ್ಟಿ ಹಾಕಿದರೆ ನೀವು ಹೆಚ್ಚು ಹೊತ್ತು ನೋಡುವುದು ಟಾರು ರಸ್ತೆಯನ್ನೇ.

ಸಫಾರಿ ದಿನಕ್ಕೆ ಎರಡು: ಬೆಳಿಗ್ಗೆ ಆರರ ಸುಮಾರಿಗೊಂದು, ಮಧ್ಯಾಹ್ನ ಮೂರೂವರೆ ಸುಮಾರಿಗೊಂದು, ತಲಾ ಮೂರು ಗಂಟೆಯ ಆಸುಪಾಸು. ಎರಡು ರಾತ್ರಿ ಉಳಿದರೆ ನಾಲ್ಕು ಸಿಗುತ್ತವೆ. ನಾಲ್ಕಕ್ಕೂ ಮಕ್ಕಳನ್ನು ಎಳೆದುಕೊಂಡು ಹೋಗಬೇಡಿ. ಎಂಟು ವರ್ಷದ ಮಗು ಸತತ ಎರಡನೇ ದಿನ ಐದು ಗಂಟೆಗೆ ಎದ್ದರೆ ಏಳೂವರೆಗೆಲ್ಲ ಸೀಟಿನಲ್ಲೇ ನಿದ್ದೆ ಹೋಗಿರುತ್ತದೆ, ಹುಲಿ ಬರುವುದು ಏಳೂ ನಲವತ್ತಕ್ಕೆ. ಮೂರು ಸಾಕು, ಅದರಲ್ಲಿ ಒಂದು ದೋಣಿಯದ್ದಾಗಿರಲಿ. ದೋಣಿಯಲ್ಲಿ ದೂಳಿಲ್ಲ, ಕುಲುಕಾಟವಿಲ್ಲ; ನೀರು ಕಡಿಮೆಯಿದ್ದಾಗ ಮುಳುಗಿದ್ದ ಹಳೆಯ ಮರಗಳ ಬೊಡ್ಡೆ ಮೇಲೆದ್ದು, ನೀರುಕಾಗೆಗಳು ಅದರ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವುದು ಹತ್ತಿರದಿಂದ ಕಾಣುತ್ತದೆ. ಗಾಳಿ ಎದ್ದರೆ ದೋಣಿ ಬಿಡುವುದಿಲ್ಲ. ಬೇಸಿಗೆ ಮಳೆಯ ಗಾಳಿ ಏಳುವುದು ಸಂಜೆಯಾದ್ದರಿಂದ ಬೆಳಗಿನ ದೋಣಿಯನ್ನೇ ಕೇಳಿ.

ಹಿನ್ನೀರಿನ ದಡದ ಕಾರಾಪುರದಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್‌ನ ವಸತಿ ಇದೆ; ಊಟ, ವಸತಿ, ಸಫಾರಿ ಸೇರಿ ಒಂದೇ ಪ್ಯಾಕೇಜು. ಖರ್ಚು ಕಡಿಮೆ ಮಾಡಬೇಕೆಂದರೆ ಹತ್ತಿರದ ಹೋಮ್‌ಸ್ಟೇಯಲ್ಲಿ ಉಳಿದು, ದಮ್ಮನಕಟ್ಟೆಯಿಂದ ಅರಣ್ಯ ಇಲಾಖೆಯ ಬಸ್ಸು ಹತ್ತಬಹುದು. ಜೀಪಿನಷ್ಟು ಸುಖವಿಲ್ಲ, ಸದ್ದು ಹೆಚ್ಚು. ಆದರೆ ಎತ್ತರದಲ್ಲಿ ಕೂರುವುದರಿಂದ ಪೊದೆಯ ಆಚೆ ಬಸ್ಸಿನಿಂದಲೇ ಚೆನ್ನಾಗಿ ಕಾಣುತ್ತದೆ. ಏಪ್ರಿಲ್ ರಜೆಗೆ ಜನವರಿಯಲ್ಲೇ ಕಾದಿರಿಸಿ. ಶನಿವಾರ, ಭಾನುವಾರ ಬಿಟ್ಟು ಸೋಮವಾರದಿಂದ ಗುರುವಾರದೊಳಗೆ ಹೊಂದಿಸಿಕೊಳ್ಳಿ.

ಕಾದಿರಿಸುವಾಗ ಮೂರು ಪ್ರಶ್ನೆ ಬಾಯಿಬಿಟ್ಟು ಕೇಳಿ. ಎಷ್ಟು ವರ್ಷದ ಮಗುವನ್ನು ಜೀಪಿಗೆ, ದೋಣಿಗೆ ಹತ್ತಿಸುತ್ತೀರಿ? ಉದ್ದ ಲೆನ್ಸ್‌ಗೆ ಪ್ರತ್ಯೇಕ ಶುಲ್ಕವೆಷ್ಟು? ಸಫಾರಿಯೇ ನಿಂತರೆ ದುಡ್ಡು ವಾಪಸ್ಸೋ, ಬೇರೆ ದಿನವೋ? ಮೂರನೆಯದು ಉಡಾಫೆ ಪ್ರಶ್ನೆಯಲ್ಲ. ಹುಲಿ ದಾಳಿಗಳ ಬಳಿಕ 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸರ್ಕಾರ ಸಫಾರಿ ನಿಲ್ಲಿಸಿತ್ತು. ಆದೇಶ ಬಂದರೆ ರೆಸಾರ್ಟಿನವರ ಕೈಯಲ್ಲಿ ಏನೂ ಇಲ್ಲ. ಆದ್ದರಿಂದ ಹೊರಡುವ ವಾರ ಇನ್ನೊಮ್ಮೆ ಫೋನ್ ಮಾಡಿ. ಎಲ್ಲರ ಗುರುತಿನ ಚೀಟಿಯ ಮೂಲಪ್ರತಿ ಒಂದೇ ಕವರಿನಲ್ಲಿರಲಿ.

ದಾರಿ

ಮೈಸೂರಿನಿಂದ ಕಾರಾಪುರಕ್ಕೆ ಎಚ್.ಡಿ. ಕೋಟೆ ಮೇಲಿಂದ ಹೋದರೆ ಎರಡು ಗಂಟೆ ಇಟ್ಟುಕೊಳ್ಳಿ. ಪೆಟ್ರೋಲು, ನಗದು, ಮಾತ್ರೆ, ಮಕ್ಕಳ ಬಿಸ್ಕತ್ತು ಎಲ್ಲ ಎಚ್.ಡಿ. ಕೋಟೆ ಹ್ಯಾಂಡ್‌ಪೋಸ್ಟ್‌ನಲ್ಲೇ ಮುಗಿಸಿ. ಮುಂದೆ ನೆಟ್‌ವರ್ಕನ್ನೂ ನಂಬಬೇಡಿ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ, ನಾಗರಹೊಳೆ ಸೀಳಿ ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿ ಸಂಜೆ 6ರಿಂದಲೇ ಸಂಚಾರ ಬಂದ್. ಚೆಕ್‌ಪೋಸ್ಟಿನಲ್ಲಿ ಗೋಗರೆದು ಪ್ರಯೋಜನವಿಲ್ಲ.

ಚೀಲದಲ್ಲಿ ಏನಿರಬೇಕು

ಬಟ್ಟೆ ಮಾಸಲು ಬಣ್ಣದ್ದು, ತೋಳು ಉದ್ದದ್ದು, ಹತ್ತಿಯದು. ಬಿಳಿ, ಕೆಂಪು ಬೇಡ, ಅತ್ತರೂ ಬೇಡ. ಮೂಗು ಬಾಯಿಗೆ ಕಟ್ಟಿಕೊಳ್ಳಲು ಒಬ್ಬೊಬ್ಬರಿಗೂ ಒಂದು ಟವೆಲ್ ಇರಲಿ, ಏಪ್ರಿಲ್‌ನಲ್ಲಿ ಮುಂದಿನ ಜೀಪಿನ ಕೆಂಪು ದೂಳು ಹಿಂದಿನವರ ಪಾಲು.

ದುರ್ಬೀನು ಇಲ್ಲದೆ ಹೋಗುವುದು ಅರ್ಧ ದುಡ್ಡು ನೀರಿಗೆ ಹಾಕಿದಂತೆ. ಅಂಗಡಿಯವರು 20 ಪಟ್ಟು, 30 ಪಟ್ಟು ಎಂದು ತೋರಿಸುವುದನ್ನು ಮುಟ್ಟಬೇಡಿ: ಪಟ್ಟು ಹೆಚ್ಚಿದಷ್ಟೂ ಕೈನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ, ನೋಟದ ಹರವು ಕಿರಿದಾಗಿ ಪ್ರಾಣಿಯನ್ನು ಹುಡುಕುವುದೇ ಕಷ್ಟವಾಗುತ್ತದೆ. 8×42 ಎಂದರೆ ಎಂಟು ಪಟ್ಟು, ಮುಂದಿನ ಗಾಜು 42 ಮಿ.ಮೀ.; 42ನ್ನು 8ರಿಂದ ಭಾಗಿಸಿದರೆ ಬರುವ ಐದು ಚಿಲ್ಲರೆ ಮಿ.ಮೀ. ಬೆಳಕಿನ ಕಿಂಡಿ ಮುಸ್ಸಂಜೆಗೂ ಸಾಕು. ಮಕ್ಕಳ ಕೈಗೆ ಹಗುರವಾದ 8×30 ಕೊಡಿ. ನಾಲ್ವರಿಗೆ ಕನಿಷ್ಠ ಎರಡು. ಒಂದೇ ಇದ್ದರೆ ಜಗಳದ ಸದ್ದಿಗೇ ಜಿಂಕೆ ಓಡುತ್ತದೆ. ಹೋಗುವ ಮುನ್ನ ತಾರಸಿಯ ಮೇಲೆ ಕಾಗೆ, ಹದ್ದು ನೋಡಿ ಕೈ ಪಳಗಿಸಿಕೊಳ್ಳಲಿ. ಮೊದಲು ಬರಿಗಣ್ಣಲ್ಲಿ ಪ್ರಾಣಿಯನ್ನು ಹಿಡಿದು, ಕಣ್ಣು ಕದಲಿಸದೆ ದುರ್ಬೀನನ್ನು ಕಣ್ಣಿಗೆ ತರಬೇಕು. ಇದೊಂದು ಕಲಿತರೆ ಮುಗಿಯಿತು. ಮೊಬೈಲು ಚೀಲದಲ್ಲೇ ಇರಲಿ.

ತಲೆಗೆ ಒಂದು ಲೀಟರ್ ನೀರು, ಸ್ಟೀಲ್ ಬಾಟಲಿಯಲ್ಲಿ. ಓಆರ್‌ಎಸ್ ಪೊಟ್ಟಣ ಎರಡು. ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು. ಒಂದು ಲೀಟರಿನ ಪೊಟ್ಟಣವನ್ನು ಅರ್ಧ ಲೀಟರಿಗೆ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿನ ಸ್ಥಿತಿ ಬಿಗಡಾಯಿಸುತ್ತದೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಚಮಚದ ಅಂಚಿಗೆ ಸಮವಾಗಿ.

ಬೇಸಿಗೆ ಕಾಡಿನಲ್ಲಿ ಇಂಬಳದ ಕಾಟವಿಲ್ಲ, ರಕ್ತ ಹೀರುವ ಉಣ್ಣೆ ಹುಳುವಿನದು ಇದೆ. ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದ, ಡಿಸೆಂಬರ್‌ನಿಂದ ಮೇ ಅದರ ಕಾಲ. ರೆಸಾರ್ಟಿನ ಹಿತ್ತಲಲ್ಲಿ ತರಗೆಲೆಯ ಮೇಲೆ ಮಕ್ಕಳನ್ನು ಕೂರಿಸಬೇಡಿ, ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ರಾತ್ರಿ ಸ್ನಾನದಲ್ಲಿ ಕಂಕುಳು, ಮಂಡಿಯ ಹಿಂಬದಿ, ಕಿವಿಯ ಹಿಂದೆ ನೋಡಿ. ಮನೆಗೆ ಬಂದ ಮೇಲೆ ಜ್ವರ ಕಾಣಿಸಿದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ.

ಜೀಪಿನಲ್ಲಿ

ಹಿಂದಿನ ಸಾಲು ಹಿಂಚಕ್ರದ ಮೇಲೆ ಬರುವುದರಿಂದ ಅತಿ ಹೆಚ್ಚು ಕುಕ್ಕುವುದು ಅದೇ. ಅಜ್ಜ ಅಜ್ಜಿಯರನ್ನೂ ವಾಂತಿಯಾಗುವ ಮಕ್ಕಳನ್ನೂ ಮುಂದಿನ ಅಥವಾ ನಡುವಿನ ಸಾಲಿಗೆ ಕೂರಿಸಿ. ಕಾಡಿನೊಳಗೆ ಯಾವ ಕಾರಣಕ್ಕೂ ಇಳಿಸುವುದಿಲ್ಲ. ಗೇಟಿನಲ್ಲಿ ಎಲ್ಲರೂ ಮೂತ್ರಕ್ಕೆ ಹೋಗಿ ಬರಲಿ, ಬರುವುದಿಲ್ಲ ಎಂದವರೂ ಸಹ. ಬೆಳಿಗ್ಗೆ ಹೊಟ್ಟೆಗೆ ಬಾಳೆಹಣ್ಣು, ಎರಡು ಬಿಸ್ಕತ್ತು ಸಾಕು.

ಒಳಗೆ ಹೋದ ಮೇಲೆ ಕಿವಿಗೆ ಕೆಲಸ. ಜಿಂಕೆ ಕೂಗಿದ ಮಾತ್ರಕ್ಕೆ ಹುಲಿ ಎಂದುಕೊಳ್ಳಬೇಡಿ, ಅದು ಗಾಬರಿಯ ಜಾತಿ, ಸೀಳುನಾಯಿಗೂ ಕೂಗುತ್ತದೆ, ಏನೂ ಇಲ್ಲದೆಯೂ ಕೂಗುತ್ತದೆ. ಮರದ ತುದಿಯಿಂದ ಮುಸುವ ಕೆಮ್ಮಿದಂತೆ ಕೂಗಿದರೆ ಅದು ಯಾವ ದಿಕ್ಕಿಗೆ ಮುಖ ಮಾಡಿದೆ ನೋಡಿ. ಮೇಲಿನಿಂದ ಕಂಡದ್ದನ್ನೇ ಅದು ಹೇಳುತ್ತಿರುತ್ತದೆ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಕಡವೆಯದು. ಬಾಲ ನೆಟ್ಟಗೆತ್ತಿ, ಮುಂಗಾಲು ನೆಲಕ್ಕೆ ಬಡಿದು, ಒಂದೇ ಕಡೆ ದಿಟ್ಟಿಸುತ್ತ ‘ಢಾಂಕ್’ ಎಂದು ಬಿಟ್ಟು ಬಿಟ್ಟು ಕೂಗಿತೆಂದರೆ ಎಂಜಿನ್ ಆರಿಸಿ ಕಾಯಲು ಚಾಲಕನನ್ನು ಕೇಳಿ. ಅರ್ಧ ಗಂಟೆ ಕಾದರೂ ನಷ್ಟವಿಲ್ಲ. ಎಲ್ಲಿಯೋ ಹುಲಿಯಂತೆ ಎಂದು ವಾಕಿ-ಟಾಕಿ ನಂಬಿ ಓಡಿದವರಿಗೆ ಸಿಗುವುದು ಬಹಳ ಸಲ ಉಳಿದ ಜೀಪುಗಳ ಬೆನ್ನು.

ಆನೆಯ ಕಿವಿ ಬೀಸುತ್ತಿದ್ದರೆ ಅದು ನಿರಾಳ. ಬೀಸುತ್ತಿದ್ದ ಕಿವಿ ಥಟ್ಟನೆ ನಿಂತು ಅಗಲವಾಯಿತೆಂದರೆ ನಿಮ್ಮನ್ನು ಗಮನಿಸಿದೆ ಎಂದರ್ಥ. ಮಕ್ಕಳ ಬಾಯಿ ಆ ಕ್ಷಣ ಮುಚ್ಚಿರಬೇಕು. ಕಣ್ಣು ಕಿವಿಯ ನಡುವೆ ಕಪ್ಪಗೆ ಒಸರುತ್ತಿರುವ ಒಂಟಿ ಸಲಗ ಮದದಲ್ಲಿರುತ್ತದೆ, ಅದರ ಹತ್ತಿರ ಹೋಗಿ ಎಂದು ಚಾಲಕನಿಗೆ ದುಂಬಾಲು ಬೀಳಬೇಡಿ.

ಮಳೆ ಬಂದೇಬಿಟ್ಟರೆ

ಸಂಜೆ ಮಳೆ ಹೊಡೆದು ಸಫಾರಿ ಹೋಯಿತು ಎಂದುಕೊಳ್ಳಿ. ಮಾರನೆಯ ಬೆಳಿಗ್ಗೆಯದನ್ನು ಮಾತ್ರ ತಪ್ಪಿಸಬೇಡಿ: ದೂಳು ಅಡಗಿರುತ್ತದೆ, ಒದ್ದೆ ಮಣ್ಣಿನ ಮೇಲೆ ರಾತ್ರಿಯ ಹೆಜ್ಜೆಗಳು ಅಚ್ಚೊತ್ತಿರುತ್ತವೆ, ಎಲೆ ಹನಿಯುವ ಪೊದೆ ಬಿಟ್ಟು ಪ್ರಾಣಿಗಳು ರಸ್ತೆಗೆ ಬಂದು ನಿಂತಿರುತ್ತವೆ.

ಅದೂ ಕೈಕೊಟ್ಟರೆ ವಾಪಸ್ ದಾರಿಯಲ್ಲಿ ಸರಿದೂಗಿಸಿಕೊಳ್ಳಬಹುದು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ದೋಣಿ ಹತ್ತಿದರೆ ಗೂಡು ಕಟ್ಟಿದ ಕೊಕ್ಕರೆಗಳೂ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗಳೂ ಕೈಗೆಟುಕುವಷ್ಟು ಹತ್ತಿರ. ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟ ದಿನ ದೋಣಿ ಇರುವುದಿಲ್ಲ, ಆದರೆ ಅದು ಮಳೆಗಾಲದ ಮಾತು. ಬೆಂಗಳೂರಿನ ಕಡೆಯವರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೂ ತಿರುಗಬಹುದು. ಏಪ್ರಿಲ್‌ನಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆ ಹೆಜ್ಜಾರ್ಲೆ (ಪೆಲಿಕನ್) ಮರಿಗಳಿರುತ್ತವೆ. ಟೋಪಿ ಹಾಕಿಕೊಂಡು ಹೋಗಿ, ಮರದ ನೇರ ಕೆಳಗೆ ಕಾರು ನಿಲ್ಲಿಸಬೇಡಿ.