ಸೊಂಡಿಲು ನೆಟ್ಟಗಾದ ಕಥೆ

ದಸರಾ ಗೊಂಬೆ ಸಾಲಿನ ಕೆಳಗಿನ ಮೆಟ್ಟಿಲಿಗೆ ಒಂದು ಆನೆ ಬೇಕೆಂದು ಬೂದು ಬಣ್ಣದ ಫೆಲ್ಟ್ ಬಟ್ಟೆ ಹಿಡಿದು ಕೈಯಲ್ಲೇ ಹೊಲಿಯಲು ಕುಳಿತೆ. ಅಂಗೈಯಷ್ಟು ಆನೆ, ಒಂದು ಸಂಜೆಯ ಕೆಲಸ ಎಂದುಕೊಂಡಿದ್ದೆ. ಹತ್ತಿ ತುಂಬಿ ನೋಡಿದರೆ ಸೊಂಡಿಲು ಎಡಕ್ಕೆ ತಿರುಚಿಕೊಂಡಿದೆ, ತುದಿ ಪೊಳ್ಳು, ಕುತ್ತಿಗೆಯ ಬಳಿ ಹೊಲಿಗೆ ಬಾಯಿ ಬಿಟ್ಟಿದೆ. “ಇದಕ್ಕೆ ನೆಗಡಿಯಾಗಿದೆಯೇನಮ್ಮಾ?” ಎಂದಳು ಮಗಳು.

ಮೊದಲು ಹತ್ತಿಯನ್ನು ದೂರಿದೆ. ಹೊಲಿಗೆ ಬಿಚ್ಚಿದಾಗ ನಿಜ ಗೊತ್ತಾಯಿತು. ಬೆನ್ನಿನಿಂದ ಶುರು ಮಾಡಿ ಸೊಂಡಿಲಿಗೆ ಬರುವಷ್ಟರಲ್ಲಿ ಮೇಲಿನ ಪದರ ಹಿಗ್ಗಿ, ಕೆಳಗಿನದಕ್ಕಿಂತ ಅರ್ಧ ಸೆಂಟಿಮೀಟರ್ ಮುಂದೆ ಬಂದಿತ್ತು. ಫೆಲ್ಟ್ ನೇಯ್ದ ಬಟ್ಟೆಯಲ್ಲ, ನಾರುಗಳನ್ನು ಒತ್ತಿ ಮಾಡಿದ್ದು. ಅದಕ್ಕೇ ಕತ್ತರಿಸಿದ ಅಂಚಿನಲ್ಲಿ ಎಳೆ ಬಿಚ್ಚುವುದಿಲ್ಲ. ಆದರೆ ಜಗ್ಗಿದರೆ ಹಿಗ್ಗುತ್ತದೆ. ದಾರವನ್ನು ಬಿಗಿಯಾಗಿ ಎಳೆಯುವ ನನ್ನ ಹಳೆಯ ಚಟ ರವಿಕೆಗೆ ಸರಿ, ಇಲ್ಲಿಗಲ್ಲ.

ಎರಡನೇ ಸಲ ಎರಡೂ ಪದರಗಳಿಗೆ ಸುತ್ತಲೂ ಕಚ್ಚಾ ಹೊಲಿಗೆ ಹಾಕಿ, ಸೊಂಡಿಲಿನ ತುದಿಯಿಂದಲೇ ಆರಂಭಿಸಿದೆ. 6 ಎಳೆಯ ಕಸೂತಿ ದಾರದಿಂದ 2 ಎಳೆ ಬಿಡಿಸಿಕೊಂಡು, ಅಂಚಿನಿಂದ 3 ಮಿಲಿಮೀಟರ್ ಒಳಗೆ ಕಂಬಳಿ ಹೊಲಿಗೆ, ಅಂದರೆ ದಾರ ಅಂಚನ್ನು ಸುತ್ತಿ ಬರುವ ಬ್ಲ್ಯಾಂಕೆಟ್ ಸ್ಟಿಚ್. ಇಡೀ ಮೈ ಮುಗಿಯಲೆಂದು ಕಾಯಲಿಲ್ಲ. ಸೊಂಡಿಲಿನ ಎರಡೂ ಬದಿ ಹೊಲಿದ ಕೂಡಲೇ ಹತ್ತಿಯನ್ನು ಕಡಲೆಕಾಳಿನಷ್ಟು ಚಿಕ್ಕ ಉಂಡೆ ಮಾಡಿ, ಹೆಣಿಗೆ ಕಡ್ಡಿಯ ಮೊಂಡು ತುದಿಯಿಂದ ಒಂದೊಂದಾಗಿ ತಳ್ಳಿದೆ. ಆಮೇಲೆ ಉಳಿದ ಮೈ. ಹೊಟ್ಟೆಯ ಕೆಳಗೆ ಎರಡು ಬೆರಳಗಲ ಬಿಟ್ಟು ತುಂಬಿ ಮುಚ್ಚಿದೆ.

ಸೊಂಡಿಲು ಈಗ ನೆಟ್ಟಗಿದೆ. ಕಿವಿಗಳು ಮಾತ್ರ ಒಂದೊಂದು ಅಳತೆ. ಬಿಚ್ಚುವ ತಾಳ್ಮೆ ಇರಲಿಲ್ಲ, ಹಾಗೆಯೇ ಮೆಟ್ಟಿಲೇರಿಸಿದ್ದೇನೆ.