ಪುಸ್ತಕ ಮುಚ್ಚಿಸಿ, ಆಮೇಲೆ ಕೇಳಿ: ಅರ್ಧವಾರ್ಷಿಕ ಪರೀಕ್ಷೆಗೆ ಮನೆಯ ತಯಾರಿ

ದಸರಾ ರಜೆಗೆ ಮುಂಚಿನ ಅರ್ಧವಾರ್ಷಿಕ ಪರೀಕ್ಷೆ ಹತ್ತನೇ ತರಗತಿಯ ಮಕ್ಕಳಿಗೆ ಆ ವರ್ಷದ ಮೊದಲ ದೊಡ್ಡ ಪರೀಕ್ಷೆ. "ಓದಿದ್ಯಾ?" ಅಂತ ಕೇಳಿದರೆ ನೋಟ್ಸ್ ಮಡಚಿಟ್ಟು "ಎಲ್ಲಾ ಬರುತ್ತಮ್ಮಾ" ಅನ್ನುತ್ತಾರೆ. ಅದು ಸುಳ್ಳಲ್ಲ. ಆಗ ತಾನೇ ಓದಿದ್ದು ಆ ಹೊತ್ತಿಗೆ ಬಂದೇ ಬರುತ್ತದೆ.

2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳ ಜೊತೆ ಇದನ್ನೇ ಮಾಡಿ ನೋಡಿದರು. ಐದು ನಿಮಿಷ ಬಿಟ್ಟು ಕೇಳಿದಾಗ, ಮತ್ತೆ ಮತ್ತೆ ಓದಿದವರು ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಪಾಠ ಮುಚ್ಚಿಟ್ಟು ನೆನಪಿನಿಂದ ಬರೆದವರು ಮುಂದಾದರು. ಪರೀಕ್ಷೆ ಬರುವುದು ಐದು ನಿಮಿಷಕ್ಕಲ್ಲ, ಅಲ್ವಾ?

ಹಾಗಾಗಿ ಮೊದಲ ಕೆಲಸ: ಪಾಠ ಓದಿದ ಮೇಲೆ ಪುಸ್ತಕ ಮುಚ್ಚಿಸಿ, ಖಾಲಿ ಹಾಳೆ ಕೊಡಿ. ನೆನಪಿದ್ದಷ್ಟು ಬರೆಯಲಿ. ನನ್ನ ಅಕ್ಕನ ಮಗಳು ಹೃದಯದ ಚಿತ್ರ "ಬಾಯಿಪಾಠ" ಅಂದಿದ್ದಳು. ಹಾಳೆ ಕೊಟ್ಟೆ. ನಾಲ್ಕು ಕೋಣೆ ಚೆನ್ನಾಗಿ ಬರೆದಳು. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯನ್ನು ಮಾತ್ರ ಎಡ ಹೃತ್ಕುಕ್ಷಿಯಿಂದ ಎಳೆದಳು. ಅದು ಹೊರಡಬೇಕಾದ್ದು ಬಲದಿಂದ. ಪುಸ್ತಕ ತೆರೆದು ತಾನೇ ಕಂಡುಕೊಂಡು, ಕೆಂಪು ಪೆನ್ನಿನಲ್ಲಿ ತಿದ್ದಿದಳು. ಮತ್ತೆ ಆ ತಪ್ಪು ಮಾಡಲಿಲ್ಲ.

ಇದಕ್ಕೆ ನಿಮಗೆ ವಿಜ್ಞಾನ ಬರಬೇಕಾಗಿಲ್ಲ. ಓದು ಬಾರದ ಅಜ್ಜಿಯೂ "ಅದೇನು, ನಂಗೆ ಹೇಳು" ಅಂತ ಕೂರಬಹುದು. ಇಂಗ್ಲಿಷ್ ಮೀಡಿಯಂ ಮಕ್ಕಳೂ ಮನೆಮಾತಿನಲ್ಲೇ ಹೇಳಲಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಪಾಠ ಅರ್ಥವಾಗಿಲ್ಲ ಅಂತ ಅವರಿಗೇ ಗೊತ್ತಾಗುತ್ತದೆ. ಬೈಯಬೇಡಿ. ಬೈದರೆ ನಾಳೆಯಿಂದ ನಿಮ್ಮ ಮುಂದೆ ಬಾಯಿ ಬಿಡುವುದಿಲ್ಲ.

ತಡವರಿಸಿದ ಪಾಠಗಳನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ಎರಡು ದಿನ ಬಿಟ್ಟು ಮತ್ತೆ ಕೇಳಿ, ವಾರ ಬಿಟ್ಟು ಇನ್ನೊಮ್ಮೆ. ಪರೀಕ್ಷೆಗೆ ಮೂರು ವಾರ ಇರುವಾಗಲೇ ಶುರು ಮಾಡಿದರೆ ಇದಕ್ಕೆಲ್ಲ ಸಮಯ ಸಿಗುತ್ತದೆ.

ಗಣಿತಕ್ಕೆ ಓದುವುದು ಅನ್ನುವುದೇ ಇಲ್ಲ, ಮಾಡುವುದು ಮಾತ್ರ. ಬಿಡಿಸಿದ ಲೆಕ್ಕವನ್ನು ಕಣ್ಣಾಡಿಸಿದರೆ ಎಲ್ಲವೂ ಸುಲಭ ಅನಿಸುತ್ತದೆ. ಥೇಲ್ಸ್ ಪ್ರಮೇಯವಾದರೆ ಚಿತ್ರ, ದತ್ತ, ಸಾಧನೀಯ, ರಚನೆ, ಸಾಧನೆ, ಹೀಗೆ ಪೂರ್ತಿ ಬರೆಸಿ. ಅಂಕ ಹಂತ ಹಂತಕ್ಕೂ ಇರುತ್ತದೆ. ಕೊನೆ ಮುಟ್ಟದಿದ್ದರೂ ಚಿತ್ರ, ದತ್ತ ಬರೆದ ಮಗುವಿನ ಕೈಗೆ ಏನಾದರೂ ಸಿಗುತ್ತದೆ.

ಇನ್ನು ಸಮಯ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನಕ್ಕೆ 80 ಅಂಕ, 3 ಗಂಟೆ 15 ನಿಮಿಷ. ಅದರಲ್ಲಿ ಮೊದಲ 15 ನಿಮಿಷ ಪ್ರಶ್ನೆಪತ್ರಿಕೆ ಓದುವುದಕ್ಕೆ. ಕೊನೆಗೆ ತಿರುಗಿ ನೋಡಲು ಕಾಲು ಗಂಟೆ ಇಟ್ಟುಕೊಂಡರೆ ಒಂದು ಅಂಕಕ್ಕೆ ಸುಮಾರು 2 ನಿಮಿಷ ಸಿಗುತ್ತದೆ. ನಾಲ್ಕು ಅಂಕದ ಪ್ರಶ್ನೆಗೆ 8 ನಿಮಿಷ. ಒಂದು ಭಾನುವಾರ ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ಗಡಿಯಾರ ಮುಂದಿಟ್ಟು ಪೂರ್ತಿ ಬರೆಸಿ. ಆ ಹೊತ್ತು ಟಿವಿ ಬೇಡ, ನಿಮ್ಮ ಮೊಬೈಲೂ ಬೇಡ.

ನಿದ್ದೆಯ ವಿಚಾರದಲ್ಲಿ ನಾವು ದೊಡ್ಡವರು ತಪ್ಪು ಮಾಡುತ್ತೇವೆ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸುವುದಾದರೆ ಎಂಟಕ್ಕೇ ಮಲಗಿಸಬೇಕು. ಯಾವ ಮನೆಯಲ್ಲಿ ಅದಾಗುತ್ತದೆ? ಹತ್ತಕ್ಕೆ ಮಲಗಿ ಆರಕ್ಕೆ ಏಳಲಿ, ಸಾಕು.

ಪರೀಕ್ಷೆಯ ಹಿಂದಿನ ದಿನ ಹೊಸ ಪಾಠ ತೆರೆಸಬೇಡಿ, ಗೋಡೆಯ ಚೀಟಿ ಮಾತ್ರ ನೋಡಲಿ. ಬರೆದು ಮನೆಗೆ ಬಂದ ಕೂಡಲೇ ಪ್ರಶ್ನೆಪತ್ರಿಕೆ ಕಿತ್ತುಕೊಂಡು "ಎಷ್ಟು ಬರುತ್ತೆ?" ಅಂತ ಕೇಳಬೇಡಿ. ಮೊದಲು ಊಟ ಬಡಿಸಿ.